ಕರಿಮಂಜಿನ ಚಂದ್ರನಿಗೆ ಮಾತಾಡಿದವಳು

ಬ್ರಾಟಿ ಫೆರಿ, ಡಂಡೀ
ಫೆಬ್ರವರಿ ೯, ೨೦೧೯

ಪ್ರೀತಿಯ ಎಲ್ಸಿ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದು ಸಾಲು ಉತ್ತರವಿಲ್ಲದೆ ಇಷ್ಟು ದಿನ ಸುಮ್ಮನಿದ್ದಳಲ್ಲ ಈ ಅಕ್ಕ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪಿಲ್ಲ. ಹೊಸವರ್ಷದ ಮಾರನೆಯ ದಿನ ಹೊರಬಾಗಿಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲ ಮುಂಗೈ ಉಳುಕಿಸಿಕೊಂಡೆ. ಈಗ ಪೆನ್ನು ಹಿಡಿಯುವಷ್ಟಾಗಿದೆ, ಆದರೂ ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಕ್ಷಮಿಸು. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ಹೋದ ಸಲ ‘ನೆಟ್ಟಿಯ ಬೆಕ್ಕು ಸತ್ತಿತು’ ಎಂದರೆ ನಿನಗೆ ‘ನೆಟ್ಟಿ ಸತ್ತಳು’ ಎಂದು ಕೇಳಿ, ನೀನು ಹ್ಯಾಲಿಫ್ಯಾಕ್ಸಿನಿಂದ ಪಕ್ಕದ ಮನೆಗೆ ಹೂವು ಕಳಿಸಿ, ಅದನ್ನು ನೆಟ್ಟಿಯೇ ಸಹಿ ಹಾಕಿ ತೆಗೆದುಕೊಂಡದ್ದನ್ನು ಈ ಬೀದಿ ಇನ್ನೂ ಮರೆತಿಲ್ಲ.

ಈಗ ಸುದ್ದಿ. ನನಗೆ ಕೆಲಸ ಸಿಕ್ಕಿದೆ. ಈ ವಯಸ್ಸಿನಲ್ಲಿ ಯಾವ ಪಾತ್ರ ಅನ್ನುತ್ತೀಯಾ? ಅಜ್ಜಿ ಅಲ್ಲ, ಮಾಟಗಾತಿ ಅಲ್ಲ, ಬಿಸ್ಕತ್ತಿನ ಜಾಹೀರಾತಿನ ಮುದುಕಿಯೂ ಅಲ್ಲ. ಸೇನಾಪತಿ! ಆಕಾಶದಲ್ಲಿ ನಡೆಯುವ ಯುದ್ಧದಲ್ಲಿ ನಾನು ಕಮಾಂಡರ್ ಓರ್ಸಾ.

ಇದು ಕಿವಿಗೆ ಮಾತ್ರ ಇರುವ ನಾಟಕ. ಚಿಕ್ಕವರಿದ್ದಾಗ ಅಪ್ಪನ ರೇಡಿಯೋ ಸುತ್ತ ಕೂತು ಕೇಳುತ್ತಿದ್ದೆವಲ್ಲ, ಅಂಥದ್ದೇ. ಈಗ ಜನ ಫೋನಿಗೆ ಇಳಿಸಿಕೊಂಡು ಬಸ್ಸಿನಲ್ಲಿ ಹೋಗುತ್ತ, ಪಾತ್ರೆ ತೊಳೆಯುತ್ತ ಕೇಳುತ್ತಾರಂತೆ. ಕಥೆ ಹೀಗೆ: ದೂರದ ಒಂದು ದೊಡ್ಡ ಗ್ರಹದ ಸುತ್ತ ಬಳೆಯ ಹಾಗೆ ಕಟ್ಟಿದ ನಗರ. ಅದರ ಕೆಳಗೆ ಕಪ್ಪು ಮಂಜುಗಡ್ಡೆಯ ಒಂದು ಚಂದ್ರ. ನಗರಕ್ಕೆ ಕುಡಿಯುವ ನೀರು ಆ ಮಂಜಿನಿಂದಲೇ ಬರಬೇಕು. ಮಂಜು ಅಗೆಯುವವರು ಒಂದು ದಿನ ‘ಇನ್ನು ಕೊಡುವುದಿಲ್ಲ’ ಅನ್ನುತ್ತಾರೆ. ಅಲ್ಲಿಂದ ಯುದ್ಧ. ಓರ್ಸಾ ಬಳೆನಗರದ ತನ್ನ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಚಂದ್ರನ ಮೇಲಿರುವ ಹುಡುಗರಿಗೆ ರೇಡಿಯೋದಲ್ಲಿ ಆಜ್ಞೆ ಕೊಡುತ್ತಾಳೆ. ಅವಳಿಗೆ ಅವರ ಮುಖ ಗೊತ್ತಿಲ್ಲ, ದನಿ ಮಾತ್ರ ಗೊತ್ತು. ‘ಅಲಾರಂ ನಿಲ್ಸೋಕೆ ಬರಲ್ಲ ನಿಂಗೆ, ಸೈನ್ಯ ನಡೆಸ್ತೀಯೇನೇ?’ ಎಂದು ನೆಟ್ಟಿ ಬೇಲಿಯ ಆಚೆಯಿಂದ ಕೇಳಿದಳು. ಈಗ ಕಸದ ಡಬ್ಬಿ ಹೊರಗಿಡಲು ಬಂದಾಗಲೆಲ್ಲ ನನಗೆ ಸೆಲ್ಯೂಟ್ ಹೊಡೆಯುತ್ತಾಳೆ.

ನಾಟಕ ಬರೆದವಳು ಮಾರ್ಸಾಲಿ ಎಂಬ ಹೆಂಗಸು. ಮೂವತ್ತರ ಆಸುಪಾಸು, ಯಾವಾಗಲೂ ಒದ್ದೆ ಕೂದಲು, ಯಾವಾಗಲೂ ಹಸಿವು. ನಿರ್ದೇಶನವೂ ಅವಳದೇ. ನನ್ನನ್ನೇ ಯಾಕೆ ಆರಿಸಿದೆ ಎಂದು ಕೇಳಿದೆ. ‘ನಿಮ್ಮ ದನಿ ಕೇಳಿದ್ರೆ ಯಾರಿಗೂ ಎದುರು ಮಾತಾಡ್ಬೇಕು ಅನ್ಸಲ್ಲ, ಇಶ್ಬೆಲ್. ಆಮೇಲೆ ಹೋಗಿ ಅಳ್ಬೇಕು ಅನ್ಸುತ್ತೆ’ ಎಂದಳು. ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೇನೆ.

ಸ್ಟುಡಿಯೋ ಇರುವುದು ಹಳೆಯ ಸೆಣಬಿನ ಗಿರಣಿಯ ಮೇಲಂತಸ್ತಿನಲ್ಲಿ. ಸದ್ದು ಮಾಡುವವನು ಟ್ಯಾಮ್. ನಮ್ಮದೇ ವಯಸ್ಸು, ಊದಿಕೊಂಡ ಮಂಡಿ, ಒಂದೇ ಒಂದು ಕಂದು ಸ್ವೆಟರ್. ಒಂದು ತಟ್ಟೆ ತುಂಬ ಜಲ್ಲಿಯ ಮೇಲೆ ಕೈಯಲ್ಲಿ ಬೂಟು ಹಿಡಿದು ಒತ್ತುತ್ತಾನೆ, ಇಡೀ ಪಡೆ ನಡೆದು ಹೋಗುತ್ತದೆ. ಎಲುಬು ಮುರಿಯಬೇಕಾದರೆ ಸೆಲರಿ ದಂಟು, ಗಾಯಕ್ಕೆ ಒದ್ದೆ ಚರ್ಮದ ಕೈಗವಸು, ಗುಂಡು ತಾಗಿದರೆ ಎಲೆಕೋಸು. ‘ಯುದ್ಧ ಅಂದ್ರೆ ಮುಕ್ಕಾಲು ಪಾಲು ತರಕಾರಿ, ಕಮಾಂಡ್ರೇ’ ಅನ್ನುತ್ತಾನೆ. ಕೆಲಸ ಮುಗಿದ ಮೇಲೆ ಸತ್ತವರನ್ನೆಲ್ಲ ಮನೆಗೆ ಒಯ್ದು ಸೂಪು ಮಾಡಿಕೊಳ್ಳುತ್ತಾನೆ.

ನಾನು ನಿಲ್ಲುವುದು ಗೋಡೆಗೆಲ್ಲ ದಪ್ಪ ಕಂಬಳಿ ಹೊದಿಸಿದ ಒಂದು ಗೂಡಿನಲ್ಲಿ. ಬಾಗಿಲು ಹಾಕಿದರೆ ಪ್ರಪಂಚ ನಿಂತುಹೋಗುತ್ತದೆ. ಸೈನಿಕರ ಪಾತ್ರದವರು ಬೇರೆ ಗೂಡುಗಳಲ್ಲಿರುತ್ತಾರೆ, ನನಗೆ ಕಾಣುವುದಿಲ್ಲ. ಕಿವಿಯಲ್ಲಿ ಮಾತ್ರ ಬರುತ್ತಾರೆ. ಕೆಲಸ ಮುಗಿಸಿ ಬಸ್ಸು ಹಿಡಿದು ಮನೆಗೆ ಬಂದು ಕೆಟಲ್ ಇಟ್ಟಾಗ, ಆ ಗೂಡಿಗೂ ಈ ಮನೆಗೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನನ್ನ ಡೇವಿ ತೀರಿಹೋದ ಮೇಲೆ ಇಲ್ಲಿ ಮಾತಾಡುವುದು ಫ್ರಿಜ್ ಒಂದೇ.

ನನ್ನ ಮಗನ ವಿಚಾರ ಕೇಳಿದ್ದೀಯ. ಏನು ಬರೆಯಲಿ? ಯೂವನ್ ಆರ್ಕ್ನಿ ದ್ವೀಪದಲ್ಲೇ ಇದ್ದಾನೆ. ಸ್ಟ್ರಾಮ್ನೆಸ್ ಬಂದರಿನಲ್ಲಿ ಹಡಗಿಗೆ ಹಗ್ಗ ಕಟ್ಟುವ, ಬಿಚ್ಚುವ ಕೆಲಸ. ಅಫ್ಘಾನಿಸ್ತಾನದ ಯುದ್ಧ ಮುಗಿಸಿ ಹೆಲ್ಮಂಡಿನಿಂದ ಬಂದವನು ಈ ಮನೆಯಲ್ಲಿ ಒಂದು ವಾರ ಪೂರ್ತಿ ಇರಲಿಲ್ಲ, ನಿನಗೆ ಗೊತ್ತಿರುವುದೇ. ಅಪ್ಪ ಡೇವಿಯ ಮಣ್ಣಿಗೆ ಬಂದ, ಚರ್ಚಿನ ಹಿಂದಿನ ಸಾಲಿನಲ್ಲಿ ನಿಂತ, ಮನೆಯೊಳಗೆ ಕಾಲಿಡದೆ ಹಾಗೇ ಹೋದ. ಅಲ್ಲಿ ಏನಾಯಿತೋ ಒಂದು ಮಾತೂ ಹೇಳಲಿಲ್ಲ. ರೇಡಿಯೋ ವಿಭಾಗದಲ್ಲಿದ್ದ, ಬಂದೂಕಿಗಿಂತ ಹೆಚ್ಚಾಗಿ ಮೈಕು ಹಿಡಿದಿದ್ದ ಎಂಬುದಷ್ಟೇ ನನಗೆ ಗೊತ್ತು. ಫೋನು ಮಾಡಿದರೆ ಯಂತ್ರ ಎತ್ತಿಕೊಳ್ಳುತ್ತದೆ. ಆ ಯಂತ್ರಕ್ಕೇ ಸುದ್ದಿ ಹೇಳುತ್ತೇನೆ: ಮಂಜು ಬಿತ್ತು, ಕೈ ಉಳುಕಿತು, ಕಮಾಂಡರ್ ಆದೆ. ಕ್ರಿಸ್‌ಮಸ್‌ಗೆ ಕಾರ್ಡ್ ಬಂತು, ಒಳಗೆ ಬರೀ ‘ಯೂವನ್’.

ನಿನ್ನ ಯಜಮಾನ ಗಿಬ್‌ಗೆ ನನ್ನ ನೆನಪು ಹೇಳು, ಅವನ ಸೊಂಟ ಬೇಗ ಸರಿಹೋಗಲಿ. ನೀನು ಚೆನ್ನಾಗಿರು, ಬೆಚ್ಚಗಿರು.

ನಿನ್ನ ಅಕ್ಕ,
ಇಶ್ಬೆಲ್

*

ಬ್ರಾಟಿ ಫೆರಿ
ಜುಲೈ ೧೪, ೨೦೧೯

ಪ್ರೀತಿಯ ಎಲ್ಸಿ,

ನಿನ್ನ ಎರಡು ಪತ್ರಕ್ಕೆ ಸೇರಿಸಿ ಒಂದೇ ಉತ್ತರ. ನಾಟಕ ಏಪ್ರಿಲ್‌ನಲ್ಲಿ ಹೊರಬಂತು. ಇಷ್ಟೊಂದು ಜನ ಕೇಳುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಮೀನಿನಂಗಡಿಯವನು ಹ್ಯಾಡಕ್ ತೂಗುತ್ತ ತೂಗುತ್ತ, ‘ಏನಮ್ಮಾ, ಆ ಮಂಜು ಅಗೆಯೋರ ಕಡೆ ನ್ಯಾಯ ಇಲ್ವಾ? ಅವರನ್ನ ಯಾಕೆ ಹಾಗೆ ಹೊಡೀತೀರಿ?’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡ. ನಾನು ಬರೆದದ್ದಲ್ಲಪ್ಪ ಎಂದರೆ, ‘ಆಜ್ಞೆ ಕೊಟ್ಟಿದ್ದು ನೀವಲ್ವಾ?’ ಎಂದ. ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಮನೆಗೆ ಬಂದ ಮೇಲೂ ನನಗೆ ಆ ಮಾತು ಹೋಗಲಿಲ್ಲ.

ಇವತ್ತು ಬರೆಯಬೇಕಾದದ್ದು ಬೇರೆ. ನಿಧಾನವಾಗಿ ಓದು.

ಹೋದ ವಾರ ಕೊನೆಯ ಕಂತಿನ ರೆಕಾರ್ಡಿಂಗ್. ಮಾರ್ಸಾಲಿ ಹಿಂದಿನ ದಿನವಷ್ಟೇ ಹೊಸ ಹಾಳೆಗಳನ್ನು ಬರೆದು ಮುಗಿಸಿದ್ದಳಂತೆ, ಬೆಳಿಗ್ಗೆ ಸ್ಟುಡಿಯೋದಲ್ಲೇ ಕೈಗೆ ಕೊಟ್ಟಳು. ನಾನು ಮೊದಲೇ ಓದಿಕೊಳ್ಳದೆ ಮೈಕಿನ ಮುಂದೆ ನಿಲ್ಲುವವಳಲ್ಲ. ಆದರೆ ಅವಳು, ‘ಒಂದು ಸಲ ಹಾಗೇ ಓದಿ, ಪ್ಲೀಸ್. ಓರ್ಸಾಗೂ ಏನಾಗುತ್ತೆ ಅಂತ ಮೊದಲೇ ಗೊತ್ತಿರಲ್ಲ’ ಎಂದಳು. ಹೂಂ ಎಂದೆ.

ಸನ್ನಿವೇಶ ಇಷ್ಟು. ಚಂದ್ರನ ಮೇಲೆ ಪೆಲ್ ಎಂಬ ಸೈನಿಕ, ಅವನ ಗಾಡಿ ಮಂಜು ಕುಸಿದು ಮಗುಚಿಕೊಂಡಿದೆ. ಸುತ್ತ ಸಿಡಿಗುಂಡು ಹೂತಿರುವ ನೆಲ, ಯಾರೂ ಹತ್ತಿರ ಹೋಗುವಂತಿಲ್ಲ. ಉಸಿರಾಡುವ ಗಾಳಿ ಕಡಿಮೆಯಾಗುತ್ತಿದೆ. ರೇಡಿಯೋ ಮಾತ್ರ ಕೆಲಸ ಮಾಡುತ್ತಿದೆ. ‘ಕಮಾಂಡರ್, ಏನಾದ್ರೂ ಮಾತಾಡ್ತಾ ಇರಿ’ ಎಂದು ಕೇಳುತ್ತಾನೆ. ‘ಯುದ್ಧದ್ದು ಬೇಡ.’ ಅವಳಿಗೆ ಏನು ಮಾತಾಡುವುದೆಂದು ತಿಳಿಯುವುದಿಲ್ಲ. ಕೊನೆಗೆ ಅಡುಗೆ ಹೇಳುತ್ತಾಳೆ.

ಪೆಲ್ ಆಗಿದ್ದವನು ಲಾಕ್ಲನ್ ಎಂಬ ನಟ. ಎದೆ ಒತ್ತಿದಂಥ ದನಿ ಬರಲೆಂದು ತನ್ನ ಗೂಡಿನಲ್ಲಿ ನೆಲದ ಮೇಲೆ ಬೋರಲು ಮಲಗಿ, ಮೇಲೆ ಮರಳಿನ ಚೀಲ ಹೇರಿಸಿಕೊಂಡಿದ್ದ. ನಾನು ಓದುತ್ತ ಹೋದೆ. ಮೈದಾ, ಕೊಬ್ಬು, ಒಣದ್ರಾಕ್ಷಿ, ದಾಲ್ಚಿನ್ನಿ, ಒಂದು ದೊಡ್ಡ ಚಮಚ ಕಾಕಂಬಿ. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಡಂಪ್ಲಿಂಗ್. ಇದೇನು, ಸ್ಕಾಟ್ಲೆಂಡಿನ ಪ್ರತಿ ಮನೆಯಲ್ಲೂ ಮಾಡುವುದೇ ಅಂದುಕೊಂಡೆ. ಮುಂದಿನ ಸಾಲು: ‘ಬಟ್ಟೆ ಅಂದ್ರೆ ಬಟ್ಟೆ ಅಲ್ಲ, ಹಳೇ ದಿಂಬಿನ ಚೀಲ. ನೀಲಿ ಗೀಟಿಂದು. ಅದನ್ನ ಕುದಿಯೋ ನೀರಲ್ಲಿ ಅದ್ದಿ ಹಿಂಡ್ಬೇಕು. ಕೈ ಸುಡುತ್ತೆ. ಸುಟ್ಟಾಗಲೆಲ್ಲ ಅಮ್ಮ ಚರ್ಚಿಲ್ಲಿ ಹೇಳಬಾರದ ಮಾತು ಹೇಳ್ತಾಳೆ, ಆಮೇಲೆ ನನ್ನ ಕಡೆ ತಿರುಗಿ, ನೀನು ಕೇಳಿಸ್ಕೊಂಡಿಲ್ಲ ಅಂತಾಳೆ.’

ಎಲ್ಸಿ, ಆ ದಿಂಬಿನ ಚೀಲ ನಮ್ಮ ಅಮ್ಮನದು. ನಿನಗೆ ಗೊತ್ತು. ಕೈ ಸುಟ್ಟಾಗ ಆ ಮಾತು ಹೇಳುತ್ತಿದ್ದವಳು ನಾನು.

ನಾನು ನಿಲ್ಲಿಸಿದೆ. ‘ಒಂದು ನಿಮಿಷ’ ಎಂದೆ. ಟ್ಯಾಮ್‌ನ ದನಿ ಕಿವಿಯಲ್ಲಿ ಬಂತು: ‘ಲಾಕ್ಲನ್, ಎದ್ದು ಟೀ ಕುಡಿ, ಸಾಯೋಕೆ ಇನ್ನೂ ಹೊತ್ತಿದೆ.’ ನಾನು ಗೂಡಿನಿಂದ ಹೊರಬಂದು ಮಾರ್ಸಾಲಿಯನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ.

‘ಇದನ್ನ ನಿಂಗೆ ಯಾರು ಹೇಳಿದ್ದು?’

‘ಕೇಳ್ಬೇಡಿ ಇಶ್ಬೆಲ್. ಮಾತು ಕೊಟ್ಟಿದ್ದೀನಿ.’

‘ಎತ್ತರದೋನಾ? ಮಾತಾಡುವಾಗ ಎಡಗಿವಿ ಹಿಡ್ಕೋತಾನಾ?’

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆಮೇಲೆ ಎಲ್ಲವನ್ನೂ ಹೇಳಿದಳು.

ಮೇ ತಿಂಗಳಲ್ಲಿ ಅವಳು ಆರ್ಕ್ನಿಯ ಕರ್ಕ್‌ವಾಲ್ ಲೈಬ್ರರಿಯಲ್ಲಿ ನಾಟಕದ ಬಗ್ಗೆ ಮಾತಾಡಲು ಹೋಗಿದ್ದಳು. ಕೊನೆಯಲ್ಲಿ ಹಿಂದೆ ಕೂತಿದ್ದ ಗಡ್ಡದವನೊಬ್ಬ ಎದ್ದು, ‘ಆ ಕಮಾಂಡರ್ ಯಾವತ್ತಾದ್ರೂ ಕೊನೇವರೆಗೂ ಲೈನಲ್ಲಿ ಇರ್ತಾಳಾ?’ ಎಂದು ಕೇಳಿದನಂತೆ. ಮಾರ್ಸಾಲಿಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಅವಳನ್ನು ಹುಡುಕಿಕೊಂಡು ಬಂದ. ಇಬ್ಬರೂ ಟೀ ಅಂಗಡಿಯಲ್ಲಿ ಕೂತರು. ಹೆಲ್ಮಂಡಿನಲ್ಲಿ ಡ್ರೂ ಎಂಬ ಗೆಳೆಯನ ಗಾಡಿ ಬಾಂಬಿಗೆ ಸಿಕ್ಕಿ ಮಗುಚಿತ್ತು, ಸುತ್ತ ಇನ್ನೂ ಬಾಂಬುಗಳು ಹೂತಿದ್ದವು, ಹೆಲಿಕಾಪ್ಟರ್ ಇಳಿಯಲಾಗಲಿಲ್ಲ. ಕ್ಯಾಂಪಿನಲ್ಲಿ ರೇಡಿಯೋ ಹತ್ತಿರ ಇದ್ದವನು ಯೂವನ್. ಡ್ರೂ ಏನಾದರೂ ಮಾತಾಡು ಎಂದ. ಯೂವನ್ ತನ್ನ ಅಮ್ಮನ ಅಡುಗೆಮನೆಯ ಬಗ್ಗೆ ಮಾತಾಡಿದ. ಡಂಪ್ಲಿಂಗ್ ಕಟ್ಟುವುದರಿಂದ ಹಿಡಿದು ಬೆಂಕಿಯ ಮುಂದಿಟ್ಟು ಆರಿಸುವವರೆಗೆ. ಅದು ಮುಗಿದ ಮೇಲೆ ಮೊದಲಿಂದ ಇನ್ನೊಂದು ಸಲ. ಇದನ್ನು ಕಥೆಯಲ್ಲಿ ಬಳಸಿಕೊಳ್ಳಬಹುದು, ಹೆಸರು ಬೇಡ ಎಂದನಂತೆ. ‘ಆ ಕಮಾಂಡರ್ ಬಾಯಲ್ಲೇ ಬಂದ್ರೆ ಸಾಕು’ ಎಂದನಂತೆ. ಅವನು ನನ್ನ ಮಗ ಎಂದು ಮಾರ್ಸಾಲಿಗೆ ಗೊತ್ತಾದದ್ದು, ಏಳುವಾಗ ಅವನು ‘ಅಮ್ಮನ ಕೈ ವಾಸಿ ಆಯ್ತಾ?’ ಎಂದು ಕೇಳಿದಾಗ.

ಆ ಮೆಟ್ಟಿಲ ಮೇಲೆ ನಿಂತೇ ನನಗೆ ಇಷ್ಟು ವರ್ಷದ ಒಂದು ವಿಷಯ ತಿಳಿಯಿತು. ಅವನು ಊರಿಗೆ ಬಂದ ವಾರದಲ್ಲಿ ಅವನ ಹುಟ್ಟಿದಹಬ್ಬಕ್ಕೆಂದು ನಾನು ಡಂಪ್ಲಿಂಗ್ ಬೇಯಿಸಲು ಇಟ್ಟಿದ್ದೆ. ಪಾತ್ರೆಯ ತಳದಲ್ಲಿ ತಟ್ಟೆ ಕಟಕಟ ಅನ್ನುತ್ತಿತ್ತು. ಅವನು ಒಳಗೆ ಬಂದ, ಆ ಸದ್ದು ಕೇಳಿದ, ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತ. ‘ಇನ್ನು ಸ್ವಲ್ಪ ಹೊತ್ತಲ್ಲಿ ಆಗುತ್ತೆ, ಕೂತ್ಕೋ’ ಎಂದೆ. ಕೋಟು ಹಾಕಿಕೊಂಡು ಹೊರಗೆ ಹೋದ. ಚೀಲ ತೆಗೆದುಕೊಂಡು ಹೋಗಲೂ ವಾಪಸ್ ಬರಲಿಲ್ಲ, ಅವನ ಅಪ್ಪ ಬಸ್ ನಿಲ್ದಾಣಕ್ಕೆ ಒಯ್ದು ಕೊಟ್ಟ. ನಾನೇನು ತಪ್ಪು ಮಾಡಿದೆ ಎಂದು ಡೇವಿಯನ್ನು ಕೇಳಿ ಕೇಳಿ ಸಾಕುಮಾಡಿದ್ದೆ. ಸಾಯುತ್ತಿದ್ದ ಡ್ರೂನನ್ನು ಅವನು ಮಾತಿನಲ್ಲೇ ಆ ಅಡುಗೆಮನೆಗೆ ತಂದು ಕೂರಿಸಿದ್ದ. ಇನ್ನು ಅಲ್ಲಿಗೆ ಅವನು ಹೇಗೆ ಬಂದಾನು?

‘ಇದನ್ನ ತೆಗೆದುಬಿಡೋಣ, ಬೇರೆ ಏನಾದ್ರೂ ಬರೀತೀನಿ’ ಎಂದಳು ಮಾರ್ಸಾಲಿ.

‘ಬೇಡ. ಅವನು ನನ್ನ ಬಾಯಲ್ಲಿ ಬರಲಿ ಅಂದನಲ್ಲ? ನಡಿ’ ಎಂದೆ.

ಒಳಗೆ ಹೋಗಿ ಹೇಳಿದೆ. ಮೊದಲಿಂದ ಕೊನೆಯವರೆಗೆ, ಒಂದೇ ಸಲಕ್ಕೆ. ಓರ್ಸಾಳ ಗತ್ತು ಎಲ್ಲಿ ಹೋಯಿತೋ ಗೊತ್ತಿಲ್ಲ, ಬ್ರಾಟಿ ಫೆರಿಯ ಹೆಂಗಸು ಮಾತಾಡಿದ ಹಾಗೆ ಮಾತಾಡಿದೆ. ಲಾಕ್ಲನ್ ಒಂದೊಂದು ಸಲ ‘ಹೂಂ’ ಅನ್ನುತ್ತಿದ್ದ. ಆಮೇಲೆ ಹೂಂ ಅನ್ನುವುದು ಕಡಿಮೆಯಾಯಿತು. ಆಮೇಲೆ ಉಸಿರು ಮಾತ್ರ. ಉಸಿರು ನಿಂತದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ, ಅಷ್ಟು ಮೆಲ್ಲಗೆ ನಿಲ್ಲಿಸಿದ ಆ ಪುಣ್ಯಾತ್ಮ. ಹಾಳೆಯಲ್ಲಿದ್ದ ಮಾತು ಮುಗಿಯಿತು, ನಾನು ನಿಲ್ಲಿಸಲಿಲ್ಲ. ಹಿತ್ತಲಲ್ಲಿ ಒಣಹಾಕಿದ ಬಟ್ಟೆ, ಅದರ ಮೇಲೆ ಕೂರುವ ಕಡಲಹಕ್ಕಿ, ಡೇವಿ ಅದನ್ನು ಓಡಿಸಲು ಚಪ್ಪಲಿ ಎಸೆದು ಚಪ್ಪಲಿ ನೆಟ್ಟಿಯ ಸೂಪಿಗೆ ಬಿದ್ದದ್ದು. ಹೇಳುತ್ತಲೇ ಇದ್ದೆ. ಸಾಕು ಎಂದು ಯಾರೂ ಅನ್ನಲಿಲ್ಲ. ಕೊನೆಗೆ ನನಗೇ ಗಂಟಲು ಒಣಗಿತು.

ಹೊರಗೆ ಬಂದಾಗ ಟ್ಯಾಮ್ ಹೆಡ್‌ಫೋನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹಣ ಹಾಕಿದವರ ಕಡೆಯ ಒಬ್ಬ, ‘ಕೊನೇಲಿ ಮೆತ್ತಗೆ ಪಿಟೀಲು ಬಂದ್ರೆ ಚೆನ್ನಾಗಿರುತ್ತೆ’ ಎಂದ. ‘ಪಿಟೀಲನ್ನ ನಿನ್ನ ತಲೆ ಮೇಲೆ ಬಾರಿಸ್ತೀನಿ’ ಎಂದ ಟ್ಯಾಮ್. ಪಿಟೀಲು ಬರಲಿಲ್ಲ.

ಎಲ್ಸಿ, ಸ್ಟ್ರಾಮ್ನೆಸ್‌ಗೆ ಹೋಗಲೇ, ಬೇಡವೇ? ಅವನು ಹೇಳಬೇಡ ಎಂದದ್ದನ್ನು ತಿಳಿದುಕೊಂಡು ಕೂತಿದ್ದೇನೆ. ಹೋದರೆ ಮಾರ್ಸಾಲಿ ಮಾತು ಮುರಿದದ್ದು ಗೊತ್ತಾಗುತ್ತದೆ. ಹೋಗದಿದ್ದರೆ ಈ ಫ್ರಿಜ್ ಜೊತೆ ಇನ್ನೆಷ್ಟು ದಿನ ಮಾತಾಡಲಿ? ನಿನಗೆ ತೋಚಿದ್ದು ಬರೆ. ನೀನು ಯಾವಾಗಲೂ ನನಗಿಂತ ನೆಟ್ಟಗೆ ಯೋಚಿಸುವವಳು.

ಗಿಬ್ ನಡೆದಾಡುತ್ತಿದ್ದಾನೆ ಎಂದು ಓದಿ ಸಂತೋಷವಾಯಿತು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ
ಇಶ್ಬೆಲ್

*

ಬ್ರಾಟಿ ಫೆರಿ
ಅಕ್ಟೋಬರ್ ೨೦, ೨೦೧೯

ಪ್ರೀತಿಯ ಎಲ್ಸಿ,

‘ಹೋಗು, ಕೊಡೆ ಮರೀಬೇಡ’ ಎಂದು ಒಂದೇ ಸಾಲು ಬರೆದಿದ್ದೆಯಲ್ಲ, ಆ ಕಾರ್ಡನ್ನು ಕೈಚೀಲದಲ್ಲಿಟ್ಟುಕೊಂಡೇ ಹೋಗಿಬಂದೆ. ಬಂದು ಹಲವು ದಿನವಾಯಿತು. ಇವತ್ತು ಬರೆಯೋಣ, ನಾಳೆ ಬರೆಯೋಣ ಎಂದು ತಳ್ಳುತ್ತ ಬಂದೆ, ಕ್ಷಮಿಸು. ಕೊಡೆಯನ್ನು ಥರ್ಸೋ ರೈಲಿನಲ್ಲೇ ಮರೆತೆ.

ಕೊನೆಯ ಕಂತು ಸೆಪ್ಟೆಂಬರ್‌ನಲ್ಲಿ ಹೊರಬಂತು. ಅದು ಬಂದ ಮೇಲೆಯೇ ಹೋಗಬೇಕೆಂದು ಕಾದಿದ್ದೆ. ಕಾಗದಗಳು ಬಂದವು ಎಲ್ಸಿ, ನಾಟಕದವರಿಗೆ ಸಾಮಾನ್ಯವಾಗಿ ಬರುವಂಥ ಕಾಗದಗಳಲ್ಲ. ಒಬ್ಬ ಹೆಂಗಸು, ತನ್ನ ಗಂಡ ಮದುವೆಯಾದ ಮೇಲೆ ಮೊದಲ ಸಲ ಕಾರು ನಿಲ್ಲಿಸಿ ರಸ್ತೆ ಬದಿಯಲ್ಲಿ ಅತ್ತ ಎಂದು ಬರೆದಿದ್ದಳು. ಇನ್ನೊಬ್ಬ ಮುದುಕ, ಫಾಕ್‌ಲೆಂಡ್ ಯುದ್ಧಕ್ಕೆ ಹೋಗಿದ್ದವನು, ‘ಕಮಾಂಡರ್‌ಗಳು ಹಾಗೆಲ್ಲ ಇರಲ್ಲ, ಸುಳ್ಳು ಬರೆದಿದ್ದೀರಿ’ ಎಂದು ಬೈದಿದ್ದ. ಕೆಳಗೆ ಸಣ್ಣಕ್ಷರದಲ್ಲಿ, ‘ಇದ್ದಿದ್ದರೆ ಚೆನ್ನಾಗಿತ್ತು’ ಎಂದಿತ್ತು. ಮಾರ್ಸಾಲಿ ಆ ಕಾಗದವನ್ನು ಗೋಡೆಗೆ ಅಂಟಿಸಿದ್ದಾಳೆ.

ದಾರಿಯುದ್ದಕ್ಕೂ ಗಾಳಿ. ಹಡಗು ಹೊಯ್ದಾಡಿದ್ದಕ್ಕೆ ನನ್ನ ಎದುರು ಕೂತಿದ್ದ ಪಾದ್ರಿ ಎರಡು ಸಲ ವಾಂತಿ ಮಾಡಿಕೊಂಡು ಎರಡು ಸಲವೂ ನನ್ನ ಕ್ಷಮೆ ಕೇಳಿದ. ಸ್ಟ್ರಾಮ್ನೆಸ್ ಬೀದಿ ಗೊತ್ತಲ್ಲ, ಒಂದೇ ಬೀದಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಇಸ್‌ಬಿಸ್ಟರ್ ಎಂಬ ವಿಧವೆಯ ಮನೆಯಲ್ಲಿ ಕೋಣೆ ಹಿಡಿದೆ. ನಾನು ‘ನಮಸ್ಕಾರ, ಕೋಣೆ ಇದೆಯಂತಲ್ಲ’ ಎಂದದ್ದೇ ತಡ, ಆಕೆ ಬಾಗಿಲಲ್ಲೇ ನಿಂತು, ‘ಅಯ್ಯೋ, ನೀವು ಓರ್ಸಾ ಅಲ್ವಾ? ಈ ದನಿ ಎಲ್ಲಿದ್ರೂ ಗೊತ್ತಾಗುತ್ತೆ. ಯೂವನ್ ಅಮ್ಮ!’ ಎಂದಳು.

‘ಅವನು ಹೇಳಿದ್ನಾ, ನಾನು ಅವನಮ್ಮ ಅಂತ?’

‘ಹೇಳೋದೇನು, ಇಡೀ ಬಂದರಿಗೇ ಗೊತ್ತು. ಹೊಸ ಕಂತು ಬಂದ ದಿನ ಹಗ್ಗದೋರೆಲ್ಲ ಅವನ ಗುಡಿಸಲಲ್ಲಿ ಕೂತು ಕೇಳ್ತಾರೆ. ಮಧ್ಯೆ ಯಾರಾದ್ರೂ ಬಾಯಿ ಬಿಟ್ರೆ ಹೊರಗೆ ಹಾಕ್ತಾನೆ. ಕಾಫಿ ಕೂಡ ಸದ್ದಿಲ್ದೆ ಕುಡೀಬೇಕು.’

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಕೆ ಒಳ್ಳೆಯವಳು, ಒಂದೂ ಪ್ರಶ್ನೆ ಕೇಳದೆ ಬಿಸಿ ಸೂಪು ತಂದು ಕೈಗಿಟ್ಟಳು.

ಅವನನ್ನು ನೋಡಿದೆ. ಚೆನ್ನಾಗಿದ್ದಾನೆ ಎಲ್ಸಿ. ಗಡ್ಡ ಬಿಟ್ಟಿದ್ದಾನೆ, ಅದು ಆಗಲೇ ಅರ್ಧ ಬೆಳ್ಳಗಾಗಿದೆ, ಥೇಟ್ ಡೇವಿಯ ಗಡ್ಡ. ಮೈ ಗಟ್ಟಿಯಾಗಿದೆ, ಅಂಗೈ ಮರದ ಹಲಗೆಯ ಹಾಗಿದೆ. ಒಂದು ಕುಂಟುನಾಯಿ ಸಾಕಿದ್ದಾನೆ, ಅದು ಅವನ ಹಿಂದೆಯೇ ತಿರುಗುತ್ತದೆ. ಬಂದರಿನವರಿಗೆ ಅವನೆಂದರೆ ಗೌರವ. ಅವನು ಕಟ್ಟಿದ ಹಗ್ಗ ಯಾವ ಗಾಳಿಗೂ ಬಿಚ್ಚುವುದಿಲ್ಲವಂತೆ. ಕುಡಿಯುವುದಿಲ್ಲ. ಸಂಬಳದಲ್ಲಿ ಒಂದು ಪಾಲು ಯಾರಿಗೋ ಕಳಿಸುತ್ತಾನೆಂದು ಇಸ್‌ಬಿಸ್ಟರ್ ಹೇಳಿದಳು, ಡ್ರೂನ ಹೆಂಡತಿಗೆ ಇರಬೇಕು, ನಾನು ಕೇಳಲಿಲ್ಲ. ನಾವು ಮಾತಾಡಿದೆವು. ಮಾರ್ಸಾಲಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ ಎಂದೆ. ‘ಇಲ್ಲಮ್ಮ, ಆ ದಿಂಬಿನ ಚೀಲ ಹೇಳಿದಾಗಲೇ ನಿನಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ’ ಎಂದ. ಅದನ್ನು ಕೇಳಿ ನನಗೆ ಎಷ್ಟು ಹಗುರವಾಯಿತೆಂದು ಹೇಳಲಾರೆ.

ಅಲ್ಲಿನ ಬೇರೆ ಸಂಗತಿಗಳೂ ಇವೆ. ಓಟ್ಸ್ ರೊಟ್ಟಿ ಚೆನ್ನಾಗಿ ಮಾಡುತ್ತಾರೆ, ಆದರೆ ಬೆಣ್ಣೆ ವಿಪರೀತ ಉಪ್ಪು. ನಿನಗೊಂದು ಸ್ಕಾರ್ಫ್ ತಂದಿದ್ದೇನೆ, ಕಂದು, ಬೇರೆ ಬಣ್ಣ ಇರಲಿಲ್ಲ. ವಾಪಸ್ ಬರುವಾಗ ಸಮುದ್ರ ಸುಮ್ಮನಿತ್ತು. ಪಾದ್ರಿ ಕಾಣಲಿಲ್ಲ.

ಎರಡನೆಯ ಸರಣಿ ಶುರುವಾಗುತ್ತದೆ. ಈ ಸಲ ಯುದ್ಧ ಮುಗಿದ ಮೇಲಿನ ಕಥೆ: ಚಂದ್ರನ ಮೇಲಿಂದ ಉಳಿದವರು ಬಳೆನಗರಕ್ಕೆ ವಾಪಸ್ ಬರುತ್ತಾರೆ, ನಗರದವರಿಗೆ ಅವರ ಜೊತೆ ಏನು ಮಾತಾಡಬೇಕೆಂದೇ ಗೊತ್ತಾಗುವುದಿಲ್ಲ. ‘ಇದರಲ್ಲಿ ತರಕಾರಿ ಖರ್ಚು ಕಮ್ಮಿ ಕಮಾಂಡ್ರೇ, ನಾನು ಉಪವಾಸ ಸಾಯ್ತೀನಿ’ ಎಂದು ಟ್ಯಾಮ್ ಗೊಣಗುತ್ತಿದ್ದಾನೆ. ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದೇನೆ, ನೆಟ್ಟಿಯನ್ನೂ. ಮನೆಯಲ್ಲಿ ಒಂದಿಷ್ಟು ಗದ್ದಲವಾಗಲಿ.

ನಿಮ್ಮಿಬ್ಬರನ್ನೂ ದೇವರು ತಣ್ಣಗಿಟ್ಟಿರಲಿ. ನಿನ್ನ ಮಕ್ಕಳು ಮೊಮ್ಮಕ್ಕಳೆಲ್ಲ ಬಾಗಿಲು ತಟ್ಟದೆ ಒಳಗೆ ಬರುವಂಥ ಮನೆ ನಿನ್ನದು. ಅದು ಹಾಗೆಯೇ ಇರಲಿ.

ನಿನ್ನ ಅಕ್ಕ,
ಇಶ್ಬೆಲ್

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ ಎಲ್ಸಿ, ಆದರೆ ಪೂರ್ತಿ ಬರೆಯಲಿಲ್ಲ. ಅವನ ಮನೆ ನಾನು ನೋಡಿಲ್ಲ. ನಾವು ಒಟ್ಟಿಗೆ ಕೂತು ಒಂದು ಲೋಟ ಟೀ ಕುಡಿಯಲಿಲ್ಲ. ನಾನು ಹೊರಡುವ ದಿನ ಬೆಳಿಗ್ಗೆ, ಹಡಗಿಗೆ ಲಾರಿಗಳು ಹತ್ತುತ್ತಿರುವಾಗ ಅವನಾಗಿಯೇ ನನ್ನ ಹತ್ತಿರ ಬಂದು ನಿಂತ. ಮಾತಾಡಿದ್ದೆಲ್ಲ ಅಷ್ಟರಲ್ಲಿ. ನನ್ನ ಮುಖ ನೋಡಲಿಲ್ಲ, ಸಮುದ್ರ ನೋಡಿಕೊಂಡೇ ಮಾತಾಡಿದ.

‘ಕೊನೇವರೆಗೂ ಇದ್ಯಲ್ಲಮ್ಮ ನೀನು’ ಎಂದ.

‘ನೀನು ಇದ್ದೆ, ಅದಕ್ಕೆ ನಾನೂ ಇದ್ದೆ’ ಎಂದೆ.

‘ನಾನು ಇರ್ಲಿಲ್ಲ.’

‘ಅಂದ್ರೆ?’ ಎಂದೆ.

‘ಇನ್ನೊಂದು ಕಡೆನೂ ಗುಂಡು ಶುರುವಾಗಿತ್ತು. ಅವರಿಗೆ ಲೈನ್ ಬೇಕಿತ್ತು. ಡ್ರೂನ ಬಿಟ್ಟು ಲೈನ್ ಖಾಲಿ ಮಾಡು ಅಂದ್ರು. ಎರಡನೇ ಸಲಾನೂ ಅಂದ್ರು. ಮಾಡ್ದೆ. ಅವನು ಇನ್ನೂ ಮಾತಾಡ್ತಾ ಇದ್ದ ಅಮ್ಮ. ಏನೋ ಕೇಳ್ತಿದ್ದ. ಪೂರ್ತಿ ಕೇಳಿಸ್ಕೊಳ್ಳಲಿಲ್ಲ ನಾನು.’

ಮಾರ್ಸಾಲಿಗೆ ಹೇಳುವಾಗ ಅದೊಂದನ್ನು ಮಾತ್ರ ಬದಲಿಸಿದ್ದ. ನಾನು ಅವನ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತು ಹಿಡಿದುಕೊಳ್ಳಲು ಬಿಟ್ಟ. ‘ಮನೆಗೆ ಬಾ ಮಗೂ’ ಎಂದೆ. ‘ಅಡುಗೆಮನೆಗೆ ಬರಬೇಡ, ಮುಂದಿನ ಕೋಣೇಲಿ ಕೂತ್ಕೋ. ಏನೂ ಬೇಯಿಸಲ್ಲ ನಾನು. ಹೊರಗಿಂದ ತರಿಸೋಣ.’ ಅದಕ್ಕೆ ನಕ್ಕ, ಗಡ್ಡದೊಳಗೇ. ತಲೆ ಅಲ್ಲಾಡಿಸಿದ.

‘ಆಗಲ್ಲಮ್ಮ. ನೀನು ಎದುರಿಗಿದ್ರೆ ನಂಗೆ ಅದೇ ಕಾಣುತ್ತೆ. ನೀನು ರೇಡಿಯೋದಲ್ಲೇ ಇರು. ಅಲ್ಲಿದ್ರೆ ಕೇಳ್ತೀನಿ. ದಿನಾ ಕೇಳ್ತೀನಿ.’

ಆಮೇಲೆ ಹಡಗಿನವರು ಕೂಗಿದರು. ನಾನು ಹತ್ತಿದೆ.

ನಿನ್ನೆ ಮಾರ್ಸಾಲಿ ಮನೆಗೆ ಬಂದಿದ್ದಳು. ಎರಡನೆಯ ಸರಣಿಯ ನಾಲ್ಕನೆಯ ಕಂತಿನಲ್ಲಿ ಓರ್ಸಾ ಸಾಯಬೇಕು ಎಂದು ಯೋಚಿಸಿದ್ದಾಳೆ. ಒಳ್ಳೆಯ ಸಾವು, ಯಾವ ನಟಿಯಾದರೂ ಕೈಮುಗಿದು ತೆಗೆದುಕೊಳ್ಳುವಂಥದ್ದು. ಅವಳು ಓದಿ ಮುಗಿಸುವವರೆಗೆ ಕೇಳಿಸಿಕೊಂಡು, ಬೇಡ ಎಂದೆ. ‘ಯಾಕೆ, ಚೆನ್ನಾಗಿಲ್ವಾ?’ ಎಂದು ಕೇಳಿದಳು. ತುಂಬಾ ಚೆನ್ನಾಗಿದೆ, ಆದರೆ ವಯಸ್ಸಾದವಳಿಗೆ ಕೆಲಸ ಹೋದರೆ ಕಷ್ಟ, ಇನ್ನೂ ಕೆಲವು ವರ್ಷ ಬದುಕಿಸು ಎಂದೆ.